ಹೂಂ ಎಂದ ಕುಂಬಾರ

“ಗುರುಗಳೇ, ಮಾತು ಸೋತವರಿಗೆ ಮಾತು ಕಲಿಸುವುದು ನಮ್ಮ ವಿದ್ಯೆ. ಆದರೆ ನಮ್ಮ ಚಿಕಿತ್ಸಕರ ಸಂಘದವರು ಗುಮಾಸ್ತರಿಗೆ ಕಲಿಸಿ ಬನ್ನಿ ಎಂದು ನಮ್ಮನ್ನು ಬಸ್ ನಿಲ್ದಾಣಕ್ಕೂ ಅಂಚೆ ಕಚೇರಿಗೂ ಕಳಿಸುತ್ತಿದ್ದಾರೆ. ಅಲ್ಲಿನ ಗುಮಾಸ್ತರ ನಾಲಿಗೆ ಚೆನ್ನಾಗಿಯೇ ಓಡುತ್ತದೆ. ಅವರಿಗೆ ನಾವು ಕಲಿಸುವುದೇನಿದೆ?” ಎಂದು ವಾಕ್ ಚಿಕಿತ್ಸೆ ಕಲಿಯುತ್ತಿದ್ದ ವಾರುಣಿ ಕೇಳಿದಳು.

ಗುರು ಒಂದು ಕತೆ ಹೇಳಿದರು.

ಒಬ್ಬ ಸೂಲಗಿತ್ತಿ ದಾರಿ ತಪ್ಪಿ ಒಬ್ಬ ಕುಂಬಾರನ ಮುಂದೆ ನಿಂತಿದ್ದಳು. ಅವನು ಹಸಿ ಗಡಿಗೆಗಳನ್ನು ಬಿಸಿಲಿಗೆ ಸರಿಸುತ್ತಿದ್ದ. ಸುತ್ತ ಬೇರೆ ನರಪಿಳ್ಳೆ ಇರಲಿಲ್ಲ.

“ಅಣ್ಣಾ, ಹಳ್ಳದಾಚೆಯ ಹಟ್ಟಿಗೆ ಹೇಗೆ ಹೋಗೋದು? ಬಸುರಿಗೆ ಬೆಳಗಿನಿಂದ ನೋವು. ಮಗು ಅಡ್ಡ ತಿರುಗಿದೆಯಂತೆ. ಬೇಗ ಹೇಳು.”

ಕುಂಬಾರನಿಗೆ ಲಕ್ವ ಹೊಡೆದು ನಾಲಿಗೆ ಭಾರವಾಗಿತ್ತು. ಅವನು ಕೈ ಎತ್ತಿದ. ಕೈ ನಡುಗಿ ಮೂರು ದಿಕ್ಕನ್ನೂ ತೋರಿಸಿತು. “ಹ... ಹ...” ಎಂದ.

ಹೆರುವ ಹೆಂಗಸಿಗೆ ಮಾತಾಡಲು ಉಸಿರಿರುವುದಿಲ್ಲ. ನೋವು ಸೊಂಟಕ್ಕಾ, ಹೊಟ್ಟೆಗಾ ಎಂದು ಸೂಲಗಿತ್ತಿಯೇ ಕೇಳಬೇಕು. ತಲೆ ಆಡಿದರೆ ಅದೇ ಉತ್ತರ. ಏಳು ಸೀಮೆ ಸುತ್ತಿದ ಆಕೆಗೆ ಈ ವಿದ್ಯೆ ಎಲ್ಲಿಯೂ ಕೈಕೊಟ್ಟಿರಲಿಲ್ಲ. ಇಲ್ಲಿಯೂ ಅದನ್ನೇ ಹೂಡಿದಳು.

“ಹಳ್ಳದ ಸೇತುವೆ ದಾಟಬೇಕು, ಅಷ್ಟೇ ತಾನೆ?”

“ಹೂಂ,” ಎಂದ ಕುಂಬಾರ.

ಹೋಗಿ ನೋಡಿದರೆ ಸೇತುವೆ ಮುರಿದು ಬಿದ್ದಿತ್ತು. ಕೆಳಗೆ ಆಳದ ಮಡು. ಸೂಲಗಿತ್ತಿ ಏದುಸಿರು ಬಿಡುತ್ತ ಹಿಂದಿರುಗಿದಳು.

“ಹಾಗಾದರೆ ಗುಡ್ಡ ಬಳಸಿ ಹೋಗಬೇಕಾ?”

“ಹೂಂ.”

ಗುಡ್ಡದ ದಾರಿ ಒಂದು ಸುತ್ತು ಹಾಕಿಸಿ ಮತ್ತೆ ಅದೇ ಗಡಿಗೆಗಳ ಮುಂದೆ ತಂದು ಬಿಟ್ಟಿತು. ಆಕೆಗೆ ತಲೆಬುಡ ತಿಳಿಯಲಿಲ್ಲ. ಅವನ ಮುಖದಲ್ಲಿ ಕಪಟವಿಲ್ಲ. ಹುಚ್ಚನಂತೆಯೂ ಕಾಣುವುದಿಲ್ಲ. ಹಾಗಿದ್ದರೆ ತನ್ನ ಮೇಲೆ ಇವನಿಗೆ ಯಾವ ಜನ್ಮದ ಹಗೆ?

“ನೀನೇನು ಈ ಸೀಮೆಯ ಪಾಳೇಗಾರನಾ?” ಎಂದು ರೇಗಿದಳು.

“ಹೂಂ.”

“ನಾನು ನಿನ್ನ ಪಟ್ಟದ ರಾಣಿಯಾ?”

“ಹೂಂ,” ಎಂದು ಕುಂಬಾರ ತಲೆ ತಗ್ಗಿಸಿದ.

ಸೂಲಗಿತ್ತಿ ಕುಸಿದು ಕುಳಿತಳು. ಹೂಂ ಎಂದರೆ ಜನ ಬೈಯದೆ ಹೊರಟುಹೋಗುತ್ತಾರೆ. ಅವನು ಕಲಿತದ್ದು ಅಷ್ಟೇ ಎಂದು ಅವಳಿಗೆ ಆಗ ಹೊಳೆಯಿತು. ಅತ್ತ ಬಸುರಿಯ ಗತಿ ಏನೋ. ಕೇಳಲು ಇನ್ನು ಪ್ರಶ್ನೆಯೂ ಉಳಿದಿರಲಿಲ್ಲ. ಸುಮ್ಮನೆ ಅವನ ಮುಖ ನೋಡಿದಳು.

ಅವನ ತುಟಿ ಅಲುಗಿತು. “ಆವಿಗೆ...” ಎಂದ. ಗಡಿಗೆ ಸುಡುವ ಆವಿಗೆ ಅಲ್ಲೇ ಇತ್ತು. ಆವಿಗೆಗೆ ಏನಾಗಿದೆ ಎಂದು ಕೇಳಲು ಅವಳ ನಾಲಿಗೆ ತುರಿಸಿತು. ಕಚ್ಚಿ ಹಿಡಿದಳು.

“ಹಿಂದೆ... ಕಲ್ಲು... ಹಾಸು. ನೀರು... ಪಾದ... ಮುಳುಗೋಷ್ಟು.”

ಅದನ್ನು ಹೇಳಲು ಅವನಿಗೆ ಒಂದು ಎಲೆಯಡಿಕೆ ಜಗಿಯುವಷ್ಟು ಹೊತ್ತು ಹಿಡಿಯಿತು. ಅಷ್ಟು ಹೊತ್ತನ್ನು ಉಳಿಸಲು ಹೋಗಿ ಅವಳು ಅರ್ಧ ದಿನ ಕಳೆದಿದ್ದಳು.

ಕಲ್ಲುಹಾಸಿನ ಮೇಲೆ ಓಡಿ ಹಟ್ಟಿ ಸೇರಿದಳು. ಹೊಟ್ಟೆ ನೀವಿ ಮಗುವನ್ನು ನೇರಕ್ಕೆ ತಿರುಗಿಸಿದಳು. ಅದು ನೀಲಿಗಟ್ಟಿ ಬಂತು. ಬೆನ್ನು ಉಜ್ಜಿ ಉಜ್ಜಿ ಅಳಿಸಿದಳು. ತಾಯಿಯೂ ಉಳಿದಳು.

ಮೂರನೆಯ ದಿನ ಸೂಲಗಿತ್ತಿ ಕುಂಬಾರನಲ್ಲಿಗೆ ಬಂದು ಎದುರು ಕುಳಿತಳು.

“ಅಣ್ಣಾ, ಅವತ್ತು ನಿನ್ನ ಬಾಯಿಂದ ಮಾತು ಕಿತ್ತುಕೊಂಡೆ. ಆ ಸಾಲ ತೀರಿಸಿಯೇ ಹೋಗುತ್ತೇನೆ. ಏನು ಬೇಕಾದರೂ ಹೇಳು.”

“ನಿಂಗೆ... ತಡ...”

“ಆಗಲಿ ಬಿಡು. ಈಗ ಯಾರೂ ಹೆರುತ್ತಿಲ್ಲ.”

ಕುಂಬಾರ ಹೇಳತೊಡಗಿದ. ಹೊತ್ತು ನೆತ್ತಿಗೇರಿತು, ಇಳಿಯಿತು. ಅವನು ಮುಗಿಸುವವರೆಗೆ ಸೂಲಗಿತ್ತಿ ಬಾಯಿ ತೆರೆಯಲಿಲ್ಲ.

ಗುರು ಅಲ್ಲಿಗೆ ನಿಲ್ಲಿಸಿದರು.

“ಪಾಪ, ತನ್ನ ಕಾಯಿಲೆಯ ಕಷ್ಟವನ್ನೆಲ್ಲ ಹೇಳಿಕೊಂಡಿರಬೇಕು, ಅಲ್ಲವೇ ಗುರುಗಳೇ?” ಎಂದಳು ವಾರುಣಿ.

“ಆ ಗುಮಾಸ್ತರಂತೆ ಅವನ ಮಾತನ್ನು ಈಗ ನೀನೂ ಮುಗಿಸಿಬಿಟ್ಟೆ,” ಎಂದರು ಗುರು.