ವೇಗಮಾಪಕದ ಮುಳ್ಳು ಮತ್ತು ರೆಕ್ಕೆ

ಕೊರೆಯುವ ಚಳಿಯಲ್ಲಿ ಪುಟ್ಟ ವಿಮಾನವೊಂದು ಮೋಡದೊಳಗೆ ಏರುತ್ತಿತ್ತು. ರೆಕ್ಕೆಯ ಕೆಳಗಿನ ಕೊಳವೆ ಎದುರುಗಾಳಿಯನ್ನು ಒಳಗೆ ಕಳಿಸಬೇಕು, ಅದರ ಒತ್ತಡ ನೋಡಿ ವೇಗಮಾಪಕದ ಮುಳ್ಳು ವೇಗ ಹೇಳಬೇಕು, ಅದೇ ಪದ್ಧತಿ. ಅಂದು ಕೊಳವೆಯ ಬಾಯಿಗೆ ಮಂಜುಗಡ್ಡೆ ಕಟ್ಟಿತು. ಆದರೂ ವಿಮಾನ ಏರಿದಂತೆಲ್ಲ ಹೊರಗಿನ ಗಾಳಿ ತೆಳುವಾಗಿ, ಒಳಗೆ ಸಿಕ್ಕಿಕೊಂಡ ಹಳೇ ಗಾಳಿಯ ಒತ್ತಡವೇ ಹೆಚ್ಚೆನಿಸಿ ಮುಳ್ಳೂ ಏರಿತು. ಅದಕ್ಕೆ ಹಿಗ್ಗೋ ಹಿಗ್ಗು.

“ನೋಡಿದಿರಾ ರೆಕ್ಕೆಯಮ್ಮ, ಇಂಥ ವೇಗ ನಾನು ಹುಟ್ಟಿದಾಗಿನಿಂದ ತೋರಿಸಿಲ್ಲ!”

“ಎಲ್ಲಿಯ ವೇಗ, ಮಾರಾಯ? ವೇಗ ಹೆಚ್ಚಾಯಿತೆಂದು ನಿನ್ನನ್ನು ನಂಬಿ ಪೈಲಟ್ ವಿಮಾನದ ಮೂತಿ ಎತ್ತುತ್ತಲೇ ಇದ್ದಾನೆ. ನಿಜವಾದ ವೇಗ ಕುಗ್ಗಿ, ಗಾಳಿ ನನ್ನನ್ನು ಎತ್ತಿ ಹಿಡಿಯುತ್ತಿಲ್ಲ. ಇನ್ನು ಸ್ವಲ್ಪದರಲ್ಲಿ ಬೀಳುತ್ತೇವೆ.”

“ನನ್ನ ಹತ್ತಿರ ಅಂಕಿ ಇದೆ. ನಿಮ್ಮ ಹತ್ತಿರ ಇರುವುದು ಬರೀ ನಡುಕ.”

“ಆಗಲಪ್ಪ. ಕೊಳವೆಯಿಂದ ನಿನಗೆ ಹೊಸ ಗಾಳಿ ಬಂದು ಎಷ್ಟು ಹೊತ್ತಾಯಿತು?”

ಅಷ್ಟರಲ್ಲಿ ರೆಕ್ಕೆ ಗಡಗಡ ನಡುಗಿತು. ಪೈಲಟ್‌ಗೆ ಅನುಮಾನ ಬಂದು ಕೊಳವೆ ಕಾಯಿಸುವ ಸ್ವಿಚ್ ಒತ್ತಿದ. ಮಂಜು ಕರಗಿತು, ಹೊಸ ಗಾಳಿ ನುಗ್ಗಿತು, ಮುಳ್ಳು ಸರ್ರನೆ ಕೆಳಗಿಳಿಯಿತು. ನಿಜ ತಿಳಿದ ಪೈಲಟ್ ವಿಮಾನದ ಮೂತಿ ತಗ್ಗಿಸಿದ. ವಿಮಾನ ವೇಗ ಹಿಡಿದು ಹಾಯಾಗಿ ಹಾರಿತು.

“ಎಲ್ಲರೆದುರು ಎಷ್ಟು ಕೆಳಗಿಳಿದುಬಿಟ್ಟೆ!” ಎಂದು ಮುಳ್ಳು ಗೊಣಗಿತು.

“ನೀನು ಇಳಿದೆ, ಅದಕ್ಕೇ ನಾವು ಬೀಳಲಿಲ್ಲ,” ಎಂದು ರೆಕ್ಕೆ ನಕ್ಕಿತು.