ಗದರುವ ಜಿಪಿಎಸ್

"ಕಾರಿಗೊಂದು ಒಳ್ಳೆ ಜಿಪಿಎಸ್ ಆರಿಸಿಕೊಂಡು ಬಾ. ಅದು ದಾರಿ ಹೇಳಿದರೆ ಕಾರು ಯಾರು ಬೇಕಾದರೂ ಓಡಿಸ್ತಾರೆ. ಮುಂದಿನ ತಿಂಗಳಿಂದ ನೀನು ಬರೋದು ಬೇಡ," ಎಂದು ನಿವೃತ್ತ ತಹಶೀಲ್ದಾರ್ ವಿರೂಪಾಕ್ಷಯ್ಯ ತಮ್ಮ ಡ್ರೈವರ್‌ಗೆ ಹುಕುಂ ಮಾಡಿದರು.

ಅಂಗಡಿಯಲ್ಲಿ ಎರಡು ಜಿಪಿಎಸ್ ಇದ್ದವು. ದಾರಿ ತಪ್ಪಿದರೆ ಒಂದು ಸದ್ದಿಲ್ಲದೆ ಬೇರೆ ದಾರಿ ತೋರಿಸುತ್ತಿತ್ತು. ಇನ್ನೊಂದು ಅಚ್ಚ ಕನ್ನಡದಲ್ಲಿ ಗದರುತ್ತಿತ್ತು. ಡ್ರೈವರ್ ಗದರುವುದನ್ನೇ ತಂದ.

ಭಾನುವಾರ ಸಾಹೇಬರು ಹೊಸ ಬೀಗರಿಗೆ ಮದುವೆ ಛತ್ರ ತೋರಿಸಲು ಹೊರಟರು. ಅಭ್ಯಾಸದಂತೆ ಹಿಂದಿನ ಸೀಟಿನಿಂದಲೇ, "ಎಡಕ್ಕೆ ತಿರುಗಿಸು. ಈ ತಾಲ್ಲೂಕು ನನ್ನ ಅಂಗೈಯಲ್ಲಿದೆ," ಎಂದರು. ಡ್ರೈವರ್ ತಿರುಗಿಸಿದ.

"ದಾರಿ ತಪ್ಪಿದ್ದೀರಿ!" ಎಂದಿತು ಜಿಪಿಎಸ್.

"ನೀನು ನೇರ ಹೋಗಯ್ಯಾ!"

"ಮತ್ತೆ ತಪ್ಪಿದ್ದೀರಿ! ಹಿಂದಕ್ಕೆ ತಿರುಗಿಸಿ!"

ಬೀಗರು ನಗು ತಡೆಯಲು ಬಾಯಿಗೆ ಕರವಸ್ತ್ರ ಒತ್ತಿಕೊಂಡರು. ಸಾಹೇಬರ ಮುಖ ಕೆಂಪೇರಿತು.

ಬೀಗರು ಛತ್ರದ ಬಾಗಿಲಲ್ಲಿ ಇಳಿದ ಮೇಲೆ ಸಾಹೇಬರು ಹಲ್ಲು ಕಡಿದರು. "ಮೊದಲು ಅದನ್ನ ಕಿತ್ತು ಬಿಸಾಕು! ಬಾಯಿ ಮುಚ್ಚಿಕೊಂಡು ಸರಿದಾರಿಗೆ ತರೋ ಅಂಥದ್ದು ಸಿಗಲಿಲ್ವೇನೋ ನಿನಗೆ?"

ಡ್ರೈವರ್ ನಿಧಾನವಾಗಿ ವೈರು ಕಿತ್ತ.

"ಅಂಥದ್ದು ಹನ್ನೊಂದು ವರ್ಷದಿಂದ ನಿಮ್ಮ ಹತ್ತಿರಾನೇ ಇದೆಯಲ್ಲ ಸಾರ್. ಮುಂದಿನ ತಿಂಗಳಿಂದ ಬರೋದು ಬೇಡ ಅಂದಿದ್ದೀರಿ, ಅಷ್ಟೇ."