ಮರಳುಗಸಗಸೆ ಮೊಗ್ಗು ನೆಲ ನೋಡುವುದೇಕೆ

ಲೋಕ ಇನ್ನೂ ಹೊಸದಾಗಿದ್ದ ಕಾಲ. ಬೆಟ್ಟಗಳು ಹಸಿ ಹಸಿ, ಬೆರಳಿಟ್ಟರೆ ಗುರುತು ಮೂಡುತ್ತಿತ್ತು. ಹೊಳೆಗೆ ಯಾವ ಕಡೆ ಹರಿಯಬೇಕೆಂದು ತಿಳಿಯದೆ ಬೆಳಿಗ್ಗೆ ಒಂದು ದಾರಿ, ಸಂಜೆ ಒಂದು ದಾರಿ. ಆಗ ಗಾಳಿಗೂ ಮಾತು ಬರುತ್ತಿತ್ತು, ಹೂವಿಗೂ ಮಾತು ಬರುತ್ತಿತ್ತು. ಮನುಷ್ಯರದಂತೂ ಕೇಳಲೇಬೇಡ, ಬಾಯಿ ಮುಚ್ಚಿದ್ದೇ ಕಡಿಮೆ.

ಆ ಹೊಳೆಯ ದಂಡೆಯಲ್ಲಿ ಬನವ್ವ ಎಂಬ ಹೆಂಗಸಿದ್ದಳು. ಲೋಕದ ಮೊದಲ ಹೂದೋಟ ಅವಳದು. ಬನವ್ವನ ಕೈಗುಣ ಅಂದರೆ ಕೈಗುಣ, ಒಣಕಡ್ಡಿ ನೆಟ್ಟರೂ ಚಿಗುರುತ್ತಿತ್ತು. "ನಮ್ಮ ಬನವ್ವ ಕೈ ತೊಳೆದ ಜಾಗದಲ್ಲೂ ಗಿಡ ಹುಟ್ಟುತ್ತೆ" ಎಂದು ಹೊಳೆಯಕ್ಕ ಹೋದಲ್ಲೆಲ್ಲ ಹೊಗಳಿಕೊಂಡು ಬರುತ್ತಿದ್ದಳು. ಬನವ್ವ "ಅಯ್ಯೋ ಬಿಡೇ" ಅನ್ನುತ್ತಿದ್ದಳು. ಒಳಗೊಳಗೇ ಹಿಗ್ಗುತ್ತಿದ್ದಳು.

ಅವಳಿಗೊಂದು ನಂಬಿಕೆ. ಕೇಳಿ ತಂದ ಗಿಡ ಬದುಕುತ್ತದೆ, ಕದ್ದು ತಂದ ಗಿಡ ಸೊಂಪಾಗಿ ಬೆಳೆಯುತ್ತದೆ! ಈಗಲೂ ಹಾಗನ್ನುವವರಿದ್ದಾರೆ. ನಮ್ಮ ಓಣಿಯಲ್ಲೇ ಇದ್ದಾರೆ, ಹೆಸರು ಬೇಡ ಬಿಡು. ಬನವ್ವ ಕಾಡಿನ ಮಲ್ಲಿಗೆ ಬಳ್ಳಿ ಚಿವುಟಿ ತಂದಿದ್ದಳು, ಬೆಟ್ಟದ ಕರಿಬೇವಿನ ಸಸಿ ಕಿತ್ತು ತಂದಿದ್ದಳು. ಕಾಡಿಗೆ ಮಲ್ಲಿಗೆ ರಾಶಿ ರಾಶಿ, ಬೆಟ್ಟಕ್ಕೆ ಕರಿಬೇವು ರಾಶಿ ರಾಶಿ. ಅವು ನೋಡಿಯೂ ನೋಡದಂತೆ ನಕ್ಕು ಸುಮ್ಮನಾಗಿದ್ದವು.

ಒಮ್ಮೆ ಬನವ್ವ ಹೊಸ ಹೂ ಹುಡುಕುತ್ತ ಹುಡುಕುತ್ತ ಮರಳುಗಾಡಿಗೆ ಹೋದಳು. ಅಲ್ಲಿ ಮರಳಜ್ಜಿ ಇದ್ದಳು. ಮರಳುಗಾಡೆಲ್ಲ ಅವಳದೇ, ಆದರೆ ಅದರಲ್ಲಿ ಇದ್ದದ್ದೇನು? ಮರಳು, ಮತ್ತೆ ಮರಳು, ಆಮೇಲೆ ಇನ್ನಷ್ಟು ಮರಳು. ಅಜ್ಜಿ ಬೆಳಗಿನ ಇಬ್ಬನಿಯನ್ನು ಹನಿ ಹನಿಯಾಗಿ ಕೂಡಿಟ್ಟ ಒಂದು ಕುಡಿಕೆ ಇತ್ತು. ದಣಿದು ಬಂದ ಬನವ್ವನಿಗೆ ಅದನ್ನು ಪೂರ್ತಿ ಕುಡಿಸಿದಳು. "ಕುಡಿ ತಾಯಿ, ನಂದು ನಾಳೆ ಆಗುತ್ತೆ" ಅಂದಳು.

ಅಜ್ಜಿಯ ಹೊಸಿಲ ಪಕ್ಕದಲ್ಲಿ ಒಂದು ಗಿಡ. ಅದರ ತುದಿಯಲ್ಲಿ ಒಂದೇ ಒಂದು ಕೆಂಪು ಹೂವು. ಅಂಥ ಕೆಂಪನ್ನು ಬನವ್ವ ಎಲ್ಲೂ ಕಂಡಿರಲಿಲ್ಲ. ಎಸಳು ನುಣುಪಾಗಿ, ಒಂದು ಸುಕ್ಕೂ ಇಲ್ಲದೆ ಅರಳಿತ್ತು.

"ಇದು ಮರಳುಗಸಗಸೆ. ನನಗಿರುವುದು ಇದೊಂದೇ. ಮಾತಾಡಲು ಇದು ಬಿಟ್ಟರೆ ಇನ್ಯಾರಿದ್ದಾರೆ ಹೇಳು?" ಅಂದಳು ಮರಳಜ್ಜಿ. ಹೂವು ಅಜ್ಜಿಯ ಕಡೆ ತಿರುಗಿ ತಲೆದೂಗಿತು.

ಮಧ್ಯಾಹ್ನ ಅಜ್ಜಿಗೆ ಜೊಂಪು ಹತ್ತಿತು. ಬನವ್ವ ಹೂವನ್ನು ನೋಡಿದಳು. ಕೇಳಬಹುದಿತ್ತು. ಆದರೆ ಕೇಳಿದರೆ ಅಜ್ಜಿ ಇಲ್ಲ ಅಂದುಬಿಟ್ಟರೆ? ಕೊಟ್ಟರೂ, ಕೇಳಿ ತಂದ ಗಿಡ ಕದ್ದು ತಂದಷ್ಟು ಸೊಂಪಾಗಿ ಬಂದೀತೇ? ಮನಸ್ಸು ಹೀಗೆಲ್ಲ ನೆವ ಹುಡುಕುತ್ತಿರುವಾಗಲೇ ಕೈ ಮುಂದೆ ಹೋಗಿತ್ತು. ಬೇರು ಸಮೇತ ಕಿತ್ತು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮಾಡಿಕೊಂಡ ಉಡಿಯಲ್ಲಿ ಮುದುರಿ ತುರುಕಿ, ಸರಸರನೆ ನಡೆದುಬಿಟ್ಟಳು.

ಅರ್ಧ ದಾರಿಗೆ ಬಂದಿರಬೇಕು. ಹಿಂದಿನಿಂದ ಏದುಸಿರು ಕೇಳಿಸಿತು. ಮರಳಜ್ಜಿ! ಜೊತೆಗೆ ಅವಳ ಮೊಮ್ಮಗ ಬಿಸಿಗಾಳಿ.

"ತಾಯೀ, ನನ್ನ ಹೂವು ಕಾಣುತ್ತಿಲ್ಲ. ದಾರಿಯಲ್ಲಿ ಆಡೋ, ಒಂಟೆಯೋ ಏನಾದರೂ ಎದುರಾಯಿತೇ? ಯಾರಾದರೂ ಒಯ್ಯುವುದು ಕಂಡೆಯಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಆಗಿನ್ನೂ ಆ ಕಳ್ಳ ಹುಟ್ಟಿರಲಿಲ್ಲ. ಆದರೂ ಬನವ್ವನ ಕೈ ತಾನೇ ತಾನಾಗಿ ಉಡಿಯ ಮೇಲೆ ಹೋಯಿತು.

"ಇಲ್ಲ ಅಜ್ಜೀ. ನಾನು ಕಾಣೆ" ಅಂದಳು.

ಅಜ್ಜಿ ಅನುಮಾನಪಟ್ಟಿದ್ದರೆ ಚೆನ್ನಾಗಿತ್ತು. ಒಂದು ಮಾತು ಬೈದಿದ್ದರೂ ಬನವ್ವ ತಿರುಗಿಸಿ ಬೈದು ಹಗುರಾಗುತ್ತಿದ್ದಳು. ಅಜ್ಜಿ ಕಣ್ಣೊರೆಸಿಕೊಂಡು, "ನೀನು ಕಂಡಿದ್ದರೆ ಹೇಳುತ್ತಿದ್ದೆ, ನನಗೆ ಗೊತ್ತು. ಅಯ್ಯೋ, ನಿನ್ನ ಕಾಲು ಸುಡುತ್ತಿದೆಯಲ್ಲ ಮಗಳೇ!" ಅಂದಳು. ಬಿಸಿಗಾಳಿಯನ್ನು ಗದರಿಸಿ ಆಚೆ ನಿಲ್ಲಿಸಿ, ದಾರಿ ತಣ್ಣಗೆ ಮಾಡಿಸಿ ಕಳಿಸಿದಳು.

ಆ ತಣ್ಣನೆಯ ದಾರಿಯಲ್ಲಿ ಬನವ್ವನ ಮುಖ ಮಾತ್ರ ಕೆಂಡದ ಹಾಗೆ ಸುಟ್ಟಿತು. ಅಜ್ಜಿಯ ಕುಡಿಕೆ ಖಾಲಿ ಮಾಡಿ, ಅವಳ ಹೊಸಿಲನ್ನೂ ಖಾಲಿ ಮಾಡಿದೆನಲ್ಲ! ಉಂಡ ಮನೆಗೆ ಎರಡು ಬಗೆದೆನಲ್ಲ! ತಿರುಗಿ ಹೋಗೋಣ ಅನ್ನಿಸಿತು. ಆದರೆ ಇಲ್ಲ ಅಂದ ಬಾಯಲ್ಲಿ ಇದೆ ಅನ್ನುವುದು ಹೇಗೆ? ಹಾಗೇ ಮನೆಗೆ ಬಂದಳು.

ಉಡಿ ಬಿಚ್ಚಿ ನೋಡಿದರೆ ನುಣುಪಾದ ಎಸಳೆಲ್ಲ ಸುಕ್ಕು ಸುಕ್ಕು. ತೊಟ್ಟು ಬಾಗಿ, ಹೂವಿನ ತಲೆ ಕೆಳಗಾಗಿತ್ತು. "ಸರಿಹೋಗುತ್ತೆ ಬಿಡು, ನನ್ನ ಕೈಗುಣ ಏನು ಕಡಿಮೆಯೇ?" ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ತೋಟದ ಒಳ್ಳೇ ಕಪ್ಪುಮಣ್ಣಿನಲ್ಲಿ ನೆಟ್ಟಳು. ಬುಡಕ್ಕೆ ಸಗಣಿಗೊಬ್ಬರ ಹಾಕಿದಳು. ಹೊಳೆಯ ನೀರು ತಂದು ತಂದು ಹುಯ್ದಳು.

"ಇದ್ಯಾವುದೇ ಹೊಸ ಗಿಡ? ಎಲ್ಲಿಂದ ತಂದೆ?" ಹೊಳೆಯಕ್ಕ ಕೇಳಿದಳು.

"ಯಾರೋ ಕೊಟ್ಟರು" ಅಂದಳು ಬನವ್ವ, ಮುಖ ಎತ್ತದೆ.

ಎಸಳು ಉದುರಿದವು. ತುದಿಯಲ್ಲಿ ಒಂದು ಗುಂಡು ಕಾಯಿ ಉಳಿಯಿತು, ಅದೂ ನೆಲ ನೋಡುತ್ತ. ಎಲೆ ಹಳದಿಯಾಯಿತು. ಬನವ್ವ ಇನ್ನಷ್ಟು ನೀರು ಹುಯ್ದಳು, ಎಲೆ ಇನ್ನಷ್ಟು ಹಳದಿಯಾಯಿತು.

ದಿನಾ ಮಧ್ಯಾಹ್ನ ಬಿಸಿಗಾಳಿ ಆ ದಾರಿಯಾಗಿ ಬರುತ್ತಿದ್ದ. "ನಮ್ಮಜ್ಜಿಯ ಹೂ ಕಂಡಿರಾ? ಅಜ್ಜಿ ಮಾತು ಬಿಟ್ಟಿದ್ದಾಳೆ, ಹೊಸಿಲಲ್ಲಿ ಕೂತೇ ಇದ್ದಾಳೆ" ಎಂದು ಗಿಡ ಗಿಡವನ್ನೂ ಕೇಳುತ್ತಿದ್ದ. ಅವನ ದನಿ ಕೇಳಿದ ಕೂಡಲೇ ಬನವ್ವ ಓಡಿಹೋಗಿ ಗಸಗಸೆಯ ಮೇಲೆ ಬುಟ್ಟಿ ಕವುಚುತ್ತಿದ್ದಳು. ಅವನು ಹೋದ ಮೇಲೂ ತೆಗೆಯಲು ಧೈರ್ಯ ಸಾಲದು. ಬಿಸಿಲಲ್ಲಿ ಹುಟ್ಟಿ ಬಿಸಿಲು ಕುಡಿದು ಬೆಳೆದ ಗಿಡ ಅದು. ಬುಟ್ಟಿಯ ಕತ್ತಲಲ್ಲಿ, ಕೆಸರಲ್ಲಿ ಕಾಲಿಟ್ಟುಕೊಂಡು ನಿಂತಿತು.

ಒಂದು ಬೆಳಿಗ್ಗೆ ಬುಟ್ಟಿ ಎತ್ತಿದರೆ ಗಿಡ ಮಣ್ಣಿಗೆ ಒರಗಿತ್ತು. ಬನವ್ವ ಅದರ ಮೇಲೆ ಬಾಗಿದಳು.

"ಏನು ಬೇಕು ನಿನಗೆ? ಕೇಳು, ನನ್ನ ಪ್ರಾಣ ಕೇಳಿದರೂ ಕೊಡುತ್ತೇನೆ. ಏನು ಮಾಡಿದರೆ ಬದುಕುತ್ತೀಯ?"

"ನನಗೆ ತಿಳಿಯದು" ಅಂದಿತು ಗಿಡ, ದನಿ ಕೇಳಿಸದಷ್ಟು ಮೆಲ್ಲಗೆ. "ಅಜ್ಜಿಗೆ ಗೊತ್ತು."

ಬನವ್ವ ಅಲ್ಲೇ ಕೂತಳು. ಅಜ್ಜಿಯ ಮುಂದೆ ಹೋಗಿ ನಿಂತರೆ ಮಾನ ಹೋಗುತ್ತದೆ. ಇಲ್ಲೇ ಕೂತರೆ ಗಿಡ ಹೋಗುತ್ತದೆ. ಅವಳಿಗೆ ಗಿಡಕ್ಕಿಂತ ಮಾನವೇ ದೊಡ್ಡದು ಅನ್ನಿಸಿತು. ಹೌದು ಮಗೂ, ಅನ್ನಿಸಿತು, ಸುಳ್ಳು ಯಾಕೆ ಹೇಳಲಿ? ಸ್ವಲ್ಪ ಹೊತ್ತು ಹಾಗೇ ಅನ್ನಿಸಿತು. ಆಮೇಲೆ ಹಾಗೆ ಅನ್ನಿಸಿದ್ದಕ್ಕೇ ಅವಳಿಗೆ ತನ್ನ ಮೇಲೆ ಹೇಸಿಗೆ ಬಂತು.

ಎದ್ದು, ಗಿಡವನ್ನು ಮಣ್ಣಿನ ಹೆಂಟೆಯ ಸಮೇತ ಎತ್ತಿ ಅಂಗೈ ಮೇಲಿಟ್ಟುಕೊಂಡಳು. ಈ ಸಲ ಉಡಿಯಲ್ಲಿ ಬಚ್ಚಿಡಲಿಲ್ಲ. ಹಾಡುಹಗಲಲ್ಲಿ ತೋಟದ ನಟ್ಟನಡುವೆ ಹೊರಟಳು.

"ಎಲ್ಲಿಗೇ ಬನವ್ವ?" ಹೊಳೆಯಕ್ಕ ಕೇಳಿದಳು.

"ಕದ್ದದ್ದನ್ನು ಕೊಡುವುದಕ್ಕೆ" ಅಂದಳು ಬನವ್ವ. ಹೊಳೆಯಕ್ಕ ಹರಿಯುವುದನ್ನು ಮರೆತು ನಿಂತಳು. ಮಲ್ಲಿಗೆ, ಕರಿಬೇವು ಮುಖ ಮುಖ ನೋಡಿಕೊಂಡವು. ಬನವ್ವನಿಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಭೂಮಿ ನುಂಗಲಿಲ್ಲ. ನಡೆಯಲೇಬೇಕಾಯಿತು.

ಮರಳಜ್ಜಿ ಹೊಸಿಲಲ್ಲೇ ಕೂತಿದ್ದಳು.

"ಅಜ್ಜೀ, ನಾನೇ ಕದ್ದೆ. ನೀನು ಕೇಳಿದಾಗ ಇದು ನನ್ನ ಉಡಿಯಲ್ಲೇ ಇತ್ತು."

ಅಜ್ಜಿ ಕೈ ಚಾಚಿದಳು. ಗಿಡವನ್ನು ಇಸಿದುಕೊಂಡಳು. ನೀರು ತೊಟ್ಟಿಕ್ಕುವ ಮಣ್ಣನ್ನು ಬೆರಳಿಂದ ಬಿಡಿಸಿ, ಕೊಳೆತ ಬೇರನ್ನು ನೋಡಿದಳು.

"ಇಷ್ಟೊಂದು ನೀರು ಹಾಕಿದೆಯಾ? ಪಾಪ, ಬದುಕಲಿ ಅಂತಲೇ ಹಾಕಿದ್ದೀಯ. ಇದಕ್ಕೆ ಮರಳು ಬೇಕು, ಬಿಸಿಲು ಬೇಕು, ನೀರು ನಾಲಗೆ ಒದ್ದೆಯಾಗುವಷ್ಟು ಸಾಕು. ಬೇರನ್ನಂತೂ ಮುಟ್ಟಲೇಬಾರದು, ಒಮ್ಮೆ ಕಿತ್ತರೆ ಮತ್ತೆ ಹಿಡಿಯದು. ಕೇಳಿದ್ದರೆ ಬೀಜ ಮಾಗುವತನಕ ಕಾದಿರು ಅನ್ನುತ್ತಿದ್ದೆ. ಕೈ ತುಂಬ ಕೊಡುತ್ತಿದ್ದೆ ಮಗಳೇ."

ಬನವ್ವ ಬಿಕ್ಕಿ ಬಿಕ್ಕಿ ಅತ್ತಳು. ಗಿಡದ ಮುಂದೆ ಬಾಗಿ ಕೇಳಿದಳು, "ಕದ್ದವಳು ನಾನು, ಸುಳ್ಳು ಹೇಳಿದವಳು ನಾನು. ನೀನು ಯಾಕೆ ತಲೆ ತಗ್ಗಿಸಿದೆ?"

ಗಿಡ ಮೆಲ್ಲಗೆ ಅಂದಿತು,

"ಅಜ್ಜಿ ನನ್ನನ್ನು ಹುಡುಕಿಕೊಂಡು ಬಂದಾಗ ಅವಳ ದನಿ ಕೇಳಿಸಿತು. ಇಲ್ಲಿದ್ದೇನೆ ಅಜ್ಜೀ ಎಂದು ಕೂಗಬಹುದಿತ್ತು. ಕೂಗಿದ್ದರೆ ಅಜ್ಜಿ, ಬಿಸಿಗಾಳಿ ಇಬ್ಬರೆದುರೂ ನಿನ್ನ ಮಾನ ಹೋಗುತ್ತಿತ್ತು. ಅದಕ್ಕೇ ಸುಮ್ಮನಿದ್ದೆ. ಅಜ್ಜಿ ಅಳುತ್ತ ತಿರುಗಿ ಹೋದಳು. ಅವತ್ತು ಬಗ್ಗಿದ ತಲೆ, ಎತ್ತಲು ಆಗಲೇ ಇಲ್ಲ."

ಅಷ್ಟು ಹೇಳಿ ಗಿಡ ಅಜ್ಜಿಯ ಕೈಯಲ್ಲೇ ಒಣಗಿಹೋಯಿತು.

ಅಜ್ಜಿ ಆ ಗುಂಡು ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದಳು. ಒಳಗೆ ಸರಸರ ಸದ್ದು. ಅರ್ಧ ಬೀಜ ಹೊಸಿಲ ಪಕ್ಕ ಚೆಲ್ಲಿದಳು. ಇನ್ನರ್ಧವನ್ನು, "ಉಡಿ ಒಡ್ಡು" ಎಂದು ಬನವ್ವನ ಉಡಿಗೆ ಹಾಕಿದಳು. ಮನೆಗೆ ಬಂದ ಹೆಣ್ಣುಮಗಳನ್ನು ಬರಿಗೈಯಲ್ಲಿ ಕಳಿಸುವ ರೂಢಿ ಅವಳಿಗಿರಲಿಲ್ಲ. ಬನವ್ವನಿಗೆ ಬೈಗುಳವಾದರೂ ತಡೆದುಕೊಳ್ಳಬಹುದಿತ್ತು, ಇದನ್ನು ತಡೆದುಕೊಳ್ಳಲು ಆಗಲಿಲ್ಲ.

ಬನವ್ವ ತೋಟದಲ್ಲಿ ಮರಳು ಹರವಿದಳು, ಚಳಿ ಕಾಲಿಡುವಾಗ ಬೀಜ ಚೆಲ್ಲಿದಳು, ಬುಟ್ಟಿಯನ್ನು ಒಲೆಗೆ ಹಾಕಿದಳು. ಗಿಡ ಎದ್ದವು, ಮೊಗ್ಗು ಬಂದವು. ಎಲ್ಲ ಮೊಗ್ಗೂ ತೊಟ್ಟು ಬಾಗಿಸಿ ನೆಲ ನೋಡುತ್ತಿದ್ದವು. ಅವಳು ಒಂದೊಂದರ ಮುಂದೆಯೂ ಕುಕ್ಕರಗಾಲಲ್ಲಿ ಕೂತು, ಹೊಳೆಯಕ್ಕನಿಗೂ ಬಿಸಿಗಾಳಿಗೂ ಕೇಳಿಸುವಂತೆ ಗಟ್ಟಿಯಾಗಿ, "ತಪ್ಪು ನಂದು ಕಣೇ, ನಿಂದಲ್ಲ" ಅನ್ನುತ್ತಿದ್ದಳು. ಮುಖ ಕೆಂಪಾಗುತ್ತಿತ್ತು, ಆದರೂ ಅನ್ನುತ್ತಿದ್ದಳು. ಆಗ ಮೊಗ್ಗು ನಿಧಾನವಾಗಿ ಕತ್ತೆತ್ತುತ್ತಿತ್ತು.

ಅದಕ್ಕೇ ಮಗೂ, ನಮ್ಮ ಅಂಗಳದ ಮರಳುಗಸಗಸೆ ಇವತ್ತಿಗೂ ಮೊಗ್ಗಾಗಿರುವಾಗ ತಲೆ ಬಗ್ಗಿಸಿಕೊಂಡಿರುತ್ತದೆ, ನೀನು ಬೆರಳಿಂದ ಅದರ ಗಲ್ಲ ಎತ್ತಲು ಹೋಗಬೇಡ. ಹಗಲು ಬಿಸಿಲಲ್ಲಿ, ಎಲ್ಲರೂ ನೋಡುತ್ತಿರುವಾಗ, ಅದು ತಾನಾಗಿಯೇ ತಲೆಯೆತ್ತಿ ಸುಕ್ಕಾದ ಕೆಂಪು ಎಸಳನ್ನು ಬಿಡಿಸುತ್ತದೆ.